ಡಿಕ್ಕಿಯ ಸ್ಪ್ರಿಂಗು ಬದಲಿಸಿದ ಭಾನುವಾರ

ಸಂಶಯ ನನ್ನ ಹುಟ್ಟುಗುಣ ಎಂದು ನನ್ನ ಗಂಡ ಕಂಡಕಂಡವರಲ್ಲಿ ಹೇಳುತ್ತಿದ್ದರು. ಅದು ಸುಳ್ಳು. ಹುಟ್ಟುವಾಗ ನಾನೂ ಎಲ್ಲ ಮಕ್ಕಳ ಹಾಗೆಯೇ ಇದ್ದೆ. ಸಂಶಯ ಹುಟ್ಟಿದ್ದು ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ, ಅಪ್ಪನ ಉತ್ತರಕ್ರಿಯೆ ಮುಗಿದ ಮರುದಿನ. ನಮ್ಮ ಕಡೆ ಹಿಂದಿನಿಂದ ಬಂದ ಕಟ್ಟು ಅದು: ಗಂಡಸಿನ ಮನೆ, ಜಾಗ ಅವನ ಹೆಂಡತಿ ಮಕ್ಕಳಿಗಲ್ಲ, ಅವನ ಅಕ್ಕತಂಗಿಯರ ಮಕ್ಕಳಿಗೆ. ಅಪ್ಪನ ಅಳಿಯಂದಿರು, ಅಂದರೆ ಆ ಅಕ್ಕತಂಗಿಯರ ಗಂಡುಮಕ್ಕಳು, ಗಾಡಿ ಕಟ್ಟಿಕೊಂಡು ಬಂದರು. ಹಂಡೆ, ಮರದ ಪೆಟ್ಟಿಗೆ, ಅಪ್ಪ ಊಟ ಮುಗಿಸಿ ಒರಗುತ್ತಿದ್ದ ಕುರ್ಚಿ, ಎಲ್ಲವೂ ಗಾಡಿ ಏರಿದವು. ಅವರೇನೂ ಕೆಟ್ಟವರಲ್ಲ. ಹೊರಡುವಾಗ ಅಮ್ಮನ ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದರು. ಅಮ್ಮ ನಮ್ಮನ್ನು ಕರೆದುಕೊಂಡು ತನ್ನ ಅಣ್ಣನ ಮನೆಗೆ ನಡೆದರು.

ಆಮೇಲೆ ಕಾನೂನು ಬದಲಾಯಿತು ಎಂದರು. ಕಾನೂನು ಬದಲಾದದ್ದು ಕೋರ್ಟಿನಲ್ಲಿ. ಮನುಷ್ಯರ ತಲೆಯೊಳಗೆ ಬದಲಾಯಿತೆಂದು ನಾನು ನಂಬಲಿಲ್ಲ. ಅದಕ್ಕೇ ಮದುವೆಯಾಗಿ ಸಂತೆಕಟ್ಟೆಗೆ ಬಂದ ಮೇಲೆ ನನ್ನ ಗಂಡನ ಅಕ್ಕನ ಮೇಲೆ ನನಗೊಂದು ಕಣ್ಣು ಇದ್ದೇ ಇತ್ತು. ಈ ನಾದಿನಿ ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ, ಅವರ ಹಿರಿಯರ ಮನೆಯಲ್ಲಿ, ಮಕ್ಕಳೊಂದಿಗೆ ಇದ್ದರು. ಗೇಣಿಯ ಗದ್ದೆಗಳೆಲ್ಲ ಭೂಸುಧಾರಣೆಯ ಡಿಕ್ಲರೇಶನಿನಲ್ಲಿ ಗೇಣಿದಾರರ ಪಾಲಾಗಿ, ಮನೆ ಮುಂದಿನ ಬಯಲುಗದ್ದೆ ಮಾತ್ರ ಉಳಿದಿತ್ತು. ಹಾಗೆ ಕಳೆದುಕೊಂಡವರು ತಮ್ಮನ ಕಡೆ ನೋಡದೆ ಇನ್ನು ಯಾರ ಕಡೆ ನೋಡುತ್ತಾರೆ?

ನನ್ನ ಗಂಡನಿಗೆ ಉಡುಪಿಯಲ್ಲಿ ಹಂಚಿನ ಏಜೆನ್ಸಿ ಇತ್ತು. ಎಪ್ಪತ್ತರ ದಶಕ ಮುಗಿಯುವ ಮೊದಲು ನಾವು ಸಂತೆಕಟ್ಟೆಯಲ್ಲಿ ಸ್ವಂತ ಮನೆ ಕಟ್ಟಿಸಿದೆವು. ಮನೆ ಒಕ್ಕಲಿನ, ಅಂದರೆ ಗೃಹಪ್ರವೇಶದ ದಿನ ನಾದಿನಿ ಒಂದು ಅಕ್ಕಿ ಮುಡಿ ಹೊರಿಸಿಕೊಂಡು ಬಂದರು. ಮುಡಿ ಎಂದರೆ ಬೈಹುಲ್ಲಿನಲ್ಲಿ ಉಂಡೆ ಮಾಡಿ, ಹುಲ್ಲಿನದೇ ಹಗ್ಗದಿಂದ ಬಿಗಿದು ಕಟ್ಟಿದ ಅಕ್ಕಿ. ಗದ್ದೆ ಇದ್ದವರ ಮನೆಯಲ್ಲಿ ಮಾತ್ರ ಕಾಣುವಂಥದ್ದು. ಅಷ್ಟು ತಂದವರು ಸುಮ್ಮನೆ ಕೂರಬಹುದಿತ್ತು. ಅಂಗಳದ ಮಧ್ಯೆ ನಿಂತು ನೆಂಟರೆದುರೇ ಹೇಳಿದರು:

"ಒಳ್ಳೆದಾಯ್ತು ಮಾರಾಯ್ತಿ. ನನ್ನ ಮಕ್ಕಳಿಗೂ ಉಡುಪಿ ಹತ್ತಿರ ಒಂದು ಮನೆ ಆಯ್ತಲ್ವಾ!"

ಎಲ್ಲರೂ ನಕ್ಕರು. ನನ್ನ ಕಣ್ಣಿಗೆ ಕಂಡದ್ದು ಅಪ್ಪನ ಕುರ್ಚಿ ಗಾಡಿ ಏರಿದ್ದು. ನಾನು ಮುಡಿಯನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಅವರು ಹೊರಡುವಾಗ ಅದನ್ನೂ ಅವರೊಂದಿಗೆ ಕಳುಹಿಸಿದೆ. ಅವರ ಮನೆಯ ಒಂದು ಕಾಳು ಅಕ್ಕಿ ನನ್ನ ಅಡುಗೆಮನೆಗೆ ಬರುವುದು ಬೇಡ, ನನ್ನ ಮನೆಯ ಒಂದು ಚೂರು ಹಂಚು ಅವರಲ್ಲಿಗೆ ಹೋಗುವುದೂ ಬೇಡ ಎಂದು ಗಂಡನಲ್ಲಿ ಖಡಾಖಂಡಿತವಾಗಿ ಹೇಳಿದೆ. ಒಕ್ಕಲಿಗೆ ಬಂದ ಮುಡಿಯನ್ನು ತಿರುಗಿ ಕಳುಹಿಸುವುದೆಂದರೆ ನಮ್ಮಲ್ಲಿ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಗೊತ್ತಿದ್ದೇ ಮಾಡಿದ್ದು. ನಾದಿನಿ ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ, ನಾನೂ ಕುಕ್ಕುಂದೂರಿಗೆ ಹೋಗಲಿಲ್ಲ.

ಗಂಡ ಹೋಗುತ್ತಿದ್ದರು. ಅಕ್ಕನನ್ನು ನೋಡಬೇಡಿ ಎನ್ನಲು ನಾನೇನು ರಾಕ್ಷಸಿಯೇ? ಎರಡು ಮೂರು ವಾರಕ್ಕೊಮ್ಮೆ, ಭಾನುವಾರ, ನಮ್ಮ ಹಳೆಯ ಕಪ್ಪು ಕಾರಿನಲ್ಲಿ ಮಣಿಪಾಲದ ಏರು ಹತ್ತಿ ಕಾರ್ಕಳದ ದಾರಿ ಹಿಡಿದರೆ, ಸಂಜೆಯ ಕಾಫಿಯ ಹೊತ್ತಿಗೆ ಮನೆಗೆ. ಹೋಗುವಾಗ ಬರಿಗೈ, ಬರುವಾಗ ಒಮ್ಮೊಮ್ಮೆ ಒಂದು ಗೋಣಿ ಅಕ್ಕಿ. "ದಾರಿಯಲ್ಲಿ ಪರ್ಕಳದ ಅಂಗಡಿಯಲ್ಲಿ ತಗೊಂಡೆ, ಅಲ್ಲಿ ಒಳ್ಳೆ ಅಕ್ಕಿ ಉಂಟು" ಎನ್ನುವರು. ಅಕ್ಕಿ ಒಳ್ಳೆಯದೇ. ಕೆಂಪು ಕುಚ್ಚಲಕ್ಕಿ, ಒಂದು ಕಲ್ಲಿಲ್ಲ. ಅಂಗಡಿಯ ಅಕ್ಕಿಯಲ್ಲಿ ಕಲ್ಲಿಲ್ಲವೆಂದರೆ ಯಾರಾದರೂ ನಂಬುತ್ತಾರೆಯೇ? ಇವರು ಯಾವುದೋ ದುಬಾರಿ ಅಂಗಡಿಯ ಬಲೆಗೆ ಬಿದ್ದಿದ್ದಾರೆ ಎಂದು ನನ್ನ ಲೆಕ್ಕಾಚಾರ.

ಆ ಕಾರಿನ ಡಿಕ್ಕಿಯ ಬಾಗಿಲು ಎತ್ತಿದರೆ ನಿಲ್ಲುತ್ತಿರಲಿಲ್ಲ. ಅದನ್ನು ಎತ್ತಿ ಹಿಡಿಯಲು ಎಡಕ್ಕೊಂದು ಬಲಕ್ಕೊಂದು ಸ್ಪ್ರಿಂಗು. ಎಡಗಡೆಯದು ಸಡಿಲವಾಗಿ, ಸುರುಳಿ ಸುರುಳಿಯ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಮನೆಯಲ್ಲಿ ಅಕ್ಕಿ ಕುಟ್ಟುವ ಒನಕೆಯನ್ನು ಊರೆ ಕೊಟ್ಟು ನಿಲ್ಲಿಸುತ್ತಿದ್ದೆವು, ಹೊರಗೆ ಹೋದಾಗ ಒಂದು ಕೋಲು. ಒಂದು ದಿನ ಸಂತೆಯಲ್ಲಿ ನಾನು ತರಕಾರಿಯ ಚೀಲ ಇಡುತ್ತಿದ್ದೆ. ಕೋಲು ಜಾರಿ ಬಾಗಿಲು ಧಡಕ್ಕನೆ ನನ್ನ ಕೈಯ ಮೇಲೆ ಬಿತ್ತು. ಕೈ ಮುರಿಯಲಿಲ್ಲ, ಗಾಜಿನ ಬಳೆಗಳೆಲ್ಲ ಪುಡಿಪುಡಿಯಾದವು. ಮುತ್ತೈದೆಯ ಬಳೆ ನಡುಬೀದಿಯಲ್ಲಿ, ನಾಲ್ಕು ಜನರೆದುರು! ನಾನು ಅಲ್ಲೇ ನಿಂತು ಗಂಡನನ್ನು ಬಾಯಿಗೆ ಬಂದಂತೆ ಬೈದೆ.

"ನಾಳೆಯೇ ಗ್ಯಾರೇಜಿಗೆ ಕೊಡಿ."

"ಗ್ಯಾರೇಜು ಎಂತಕ್ಕೆ? ಒಂದು ಸ್ಪ್ರಿಂಗು ತಂದರೆ ಮನೆಯಲ್ಲೇ ಹಾಕಬಹುದು."

ನನ್ನ ಕಿವಿ ನಿಮಿರಿದ್ದು ಆಗ. ಕಾರಿನ ಟಯರಿಗೆ ಗಾಳಿ ಬೇಕಾದರೂ ಇನ್ನೊಬ್ಬರನ್ನು ಕರೆಯುವ ಮನುಷ್ಯ ಇವರು. ಇವರಿಗೆ ಈಗ ಸ್ಪ್ರಿಂಗು ಹಾಕುವ ಉಮೇದು ಎಲ್ಲಿಂದ ಬಂತು? ಗ್ಯಾರೇಜಿನವರ ಕಣ್ಣಿಗೆ ಬೀಳಬಾರದ್ದು ಡಿಕ್ಕಿಯಲ್ಲಿ ಏನಿದೆ?

ಒಂದು ಸಂಶಯ ಬಂದರೆ ಉಳಿದವು ತಾವಾಗಿ ಸಾಲು ಹಿಡಿದು ಬರುತ್ತವೆ. ಕಾರಿನ ಕೀಲಿ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು, ಡಿಕ್ಕಿಯ ಕೀಲಿ ಮಾತ್ರ ಅವರ ಅಂಗಿಯ ಕಿಸೆಯಲ್ಲಿ. ಕುಕ್ಕುಂದೂರಿನಿಂದ ಬಂದ ಮರುದಿನ ಬೆಳಿಗ್ಗೆ ಹಿಡಿಸೂಡಿ ತೆಗೆದುಕೊಂಡು ಡಿಕ್ಕಿ ಗುಡಿಸುವರು. ಕುಡಿದ ಲೋಟ ತೊಳೆಯದ ಗಂಡಸು ಹಿಡಿಸೂಡಿ ಮುಟ್ಟುವುದೆಂದರೆ! ಇನ್ನು ಆ ಸ್ಪ್ರಿಂಗು. ಬಲಗಡೆಯದು ಗಟ್ಟಿ ಇರುವಾಗ ಎಡಗಡೆಯದು ಯಾಕೆ ಸವೆಯಿತು? ನಮ್ಮ ಮನೆಯ ಸಾಮಾನಿಗೆ ಡಿಕ್ಕಿ ತೆರೆಯುವುದು ಅಪರೂಪ. ಬೇರೆಲ್ಲೋ, ಬೇರೆ ಯಾರದೋ ಸಾಮಾನಿಗೆ ತೆರೆದೂ ಮುಚ್ಚಿಯೂ ಸವೆದಿದೆ. ಸಮುದ್ರದ ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ ಎಂದು ಗಂಡ ಹೇಳಿದರು. ಸಮುದ್ರದ ಗಾಳಿ ಎಡಗಡೆ ಮಾತ್ರ ಬೀಸುತ್ತದೆಯೇ ಎಂದು ಕೇಳಿದೆ. ಅವರು ಪೇಪರಿನೊಳಗೆ ಮುಖ ಹಾಕಿದರು.

ನನ್ನ ಮನಸ್ಸಿನಲ್ಲಿ ಸಂಗತಿ ಸ್ಪಷ್ಟವಾಗಿತ್ತು. ಇವರು ನನ್ನ ಕಣ್ಣು ತಪ್ಪಿಸಿ, ಡಿಕ್ಕಿ ತುಂಬ ಅಕ್ಕನ ಮನೆಗೆ ಸಾಗಿಸುತ್ತಿದ್ದಾರೆ. ಇವತ್ತು ಸಾಮಾನು, ನಾಳೆ ಮನೆ. ಇವರಿಗೇನಾದರೂ ಆದರೆ ನನ್ನ ಇಬ್ಬರು ಹೆಣ್ಣುಮಕ್ಕಳ ಕೈ ಹಿಡಿದು ನಾನು ಯಾವ ಅಣ್ಣನ ಮನೆಗೆ ನಡೆಯಬೇಕು? ನನಗೆ ಅಣ್ಣನೂ ಇಲ್ಲ.

ಸ್ಪ್ರಿಂಗು ಉಡುಪಿಯಿಂದ ಬಂತು, ಎಣ್ಣೆ ಬಳಿದ ಕಾಗದದೊಳಗೆ. ಹಳೆಯದಕ್ಕಿಂತ ಗಿಡ್ಡ. "ಇದು ಡೂಪ್ಲಿಕೇಟು, ಅಳತೆಯೇ ಬೇರೆ" ಎಂದೆ. "ಹೊಸತು ಗಿಡ್ಡವೇ ಇರ್ತದೆ, ಹಳೆಯದು ಎಳೆದು ಉದ್ದ ಆದದ್ದು" ಎಂದರು. ಹಾಗೂ ಇರಬಹುದು. ಆದರೂ ನಾನು ಹಳೆಯದನ್ನು ಎಸೆಯಬೇಡಿ ಎಂದು ಹೇಳಿಟ್ಟೆ.

ಭಾನುವಾರ ತಿಂಡಿ ಮುಗಿಸಿ ಅಂಗಳದಲ್ಲಿ ಕೆಲಸಕ್ಕೆ ತೊಡಗಿದರು. ನಾನು ಜಗಲಿಯಲ್ಲಿ ಬಸಳೆ ಸೋಸುತ್ತ ಕುಳಿತೆ. ಅಲ್ಲಿಂದ ಡಿಕ್ಕಿ ಚೆನ್ನಾಗಿ ಕಾಣುತ್ತಿತ್ತು. ಪಕ್ಕದ ಮನೆಯಲ್ಲಿ ಸಿಮೆಂಟು ಕಲಸುವ ಸದ್ದು. ಅವರ ಮಗ ಗಲ್ಫಿನಿಂದ ಕಳುಹಿಸಿದ ಹಣದಲ್ಲಿ ಹಂಚಿನ ಮಾಡು ಕಿತ್ತು ಟೆರೇಸು ಹಾಕಿಸುತ್ತಿದ್ದರು. ಆ ಮನೆಯ ಯಜಮಾನಿ ಬಾಯಮ್ಮ ಪಾಗಾರದ ಗೋಡೆಯ ಆಚೆಯಿಂದ ಇಣುಕಿ, "ಎಂತ ರಿಪೇರಿ?" ಎಂದು ಕೇಳಿದರು. ನನ್ನ ಗಂಡ ಅವರ ಟೆರೇಸನ್ನು ಒಮ್ಮೆ ನೋಡಿ, ತಲೆ ತಗ್ಗಿಸಿ ಒನಕೆ ಊರಿದರು. ಉತ್ತರ ನಾನು ಕೊಡಬೇಕಾಯಿತು.

"ನೀನು ಒಳಗೆ ಹೋಗು, ಸೀರೆಗೆ ಗ್ರೀಸು ತಾಗ್ತದೆ" ಎಂದರು ನನಗೆ.

"ತಾಗಲಿ, ಹಳೆ ಸೀರೆ" ಎಂದೆ.

ಹಳೆಯ ಸ್ಪ್ರಿಂಗು ಕಳಚುವುದು ಸುಲಭವಾಯಿತು. ಅದರಲ್ಲಿ ಜೀವವೇ ಇರಲಿಲ್ಲ. ಆದರೆ ಅದು ಕಳಚಿದ್ದೇ ತಡ, ಬಾಗಿಲಿನ ಭಾರ ಒಂದು ಬದಿಗೆ ವಾಲಿ ಒನಕೆ ಸರಿಯಿತು. "ಹಿಡಿ, ಹಿಡಿ!" ಎಂದು ಕೂಗಿದರು. ಬಸಳೆ ಬಿಟ್ಟು ಓಡಿ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಹೀಗೆ, ನನ್ನನ್ನು ಹತ್ತಿರ ಸೇರಿಸದೆ ಮಾಡಬೇಕೆಂದಿದ್ದ ಕೆಲಸಕ್ಕೆ ನಾನೇ ಬೇಕಾಯಿತು.

ಹೊಸ ಸ್ಪ್ರಿಂಗಿನ ಒಂದು ಕೊಕ್ಕೆ ಸಿಕ್ಕಿತು, ಇನ್ನೊಂದು ತೂತಿನವರೆಗೆ ಬರಲಿಲ್ಲ. ಇಕ್ಕುಳದಲ್ಲಿ ಎಳೆದರು. ಅದು ಜಾರಿ ಟಣ್ಣನೆ ಹಾರಿ, ನನ್ನ ಕಿವಿಯ ಪಕ್ಕದಲ್ಲೇ ಹಾದು, ತುಳಸಿಕಟ್ಟೆಯ ಬುಡಕ್ಕೆ ಬಿತ್ತು. ಡೂಪ್ಲಿಕೇಟು ಎಂದು ನಾನು ಮತ್ತೆ ಹೇಳಿದೆ. ಆಗ ಅವರು ಒಂದು ಡಬ್ಬಿ ವಾಷರು ತಂದರು. ಸ್ಪ್ರಿಂಗನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿದಾಗ ಹೊರಮೈಯಲ್ಲಿ ಸುರುಳಿಗಳು ಚೂರು ಬಾಯಿ ಬಿಡುತ್ತವೆ. ಆ ಸಂದಿಗೆ ಒಂದೊಂದೇ ವಾಷರು ತುರುಕುವುದು. ಮತ್ತೆ ಇನ್ನೊಂದು ಬದಿಗೆ ಬಗ್ಗಿಸಿ ಅಲ್ಲಿಯೂ ತುರುಕುವುದು. ಕೈ ಬಿಟ್ಟರೂ ವಾಷರುಗಳು ಅದನ್ನು ಮುಚ್ಚಲು ಬಿಡುವುದಿಲ್ಲ. ಗಿಡ್ಡ ಸ್ಪ್ರಿಂಗು ಉದ್ದವಾಗಿಯೇ ನಿಲ್ಲುತ್ತದೆ.

"ಇದು ಯಾರು ಹೇಳಿಕೊಟ್ಟದ್ದು ನಿಮಗೆ?"

"ಅಂಗಡಿಯವರು."

"ಗ್ಯಾರೇಜಿಗೆ ಹೋಗದೆ ಅಂಗಡಿಯವರಲ್ಲಿ ಕೇಳಿಕೊಂಡು ಬಂದಿರಾ?"

ಅವರು ಕೊನೆಯ ವಾಷರು ತುರುಕಿದರು. ಉಪಾಯ ಫಲಿಸಿತು. ಕೊಕ್ಕೆ ಸಲೀಸಾಗಿ ತೂತಿಗೆ ಕುಳಿತಿತು. ಬಾಗಿಲನ್ನು ಮೆಲ್ಲನೆ ಕೆಳಗಿಳಿಸುವಾಗ ಸ್ಪ್ರಿಂಗು ಹಿಗ್ಗಿ, ವಾಷರುಗಳು ಸಡಿಲಾಗಿ, ಟಿಣ್ ಟಿಣ್ ಎಂದು ಡಿಕ್ಕಿಯೊಳಗೆ ಉದುರಿದವು. ಬಾಗಿಲು ಬಿಟ್ಟ ಕೂಡಲೇ ತಾನಾಗಿ ಎದ್ದು ನಿಂತಿತು. ಗಂಡನ ಮುಖ ಅರಳಿದ್ದನ್ನು ನೋಡಿ ಒಂದು ಕ್ಷಣ ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ?

ಉದುರಿದ ವಾಷರು ಹೆಕ್ಕಲು ನಾನು ಡಿಕ್ಕಿಯೊಳಗೆ ಕೈ ಹಾಕಿದೆ.

"ನೀನು ಬಿಡು, ನಾನು ಹೆಕ್ತೇನೆ" ಎಂದರು. ಅಷ್ಟು ಅವಸರದ ದನಿ ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಬಿಡುತ್ತೇನೆಯೇ? ಹಾಸಿದ್ದ ರಬ್ಬರಿನ ಚಾಪೆಯನ್ನು ಎತ್ತಿ, ಮೂಲೆಯ ಸಂದಿಗೆ ಬೆರಳು ತೂರಿಸಿದೆ. ವಾಷರಿನ ಜೊತೆ ಕೈಗೆ ಬಂದದ್ದು ಕೆಂಪು ಅಕ್ಕಿಕಾಳು, ಬೈಹುಲ್ಲಿನ ಚೂರು, ಹೊಸೆದ ಹುಲ್ಲಿನ ಹಗ್ಗದ ಒಂದು ತುಂಡು.

ಅಂಗಡಿಯ ಅಕ್ಕಿ ಗೋಣಿಯಲ್ಲಿ ಬರುತ್ತದೆ. ಹುಲ್ಲಿನ ಹಗ್ಗ ಇರುವುದು ಮುಡಿಗೆ ಮಾತ್ರ. ಈ ಮನುಷ್ಯ ಎಲ್ಲಿಂದಲೋ ಮುಡಿ ಕೊಂಡು ಅಕ್ಕನ ಮನೆಗೆ ಹೊತ್ತು ಹಾಕುತ್ತಿದ್ದಾರೆ. ನನಗೆ ಗೋಣಿಯ ಅಕ್ಕಿ, ಅಲ್ಲಿಗೆ ಮುಡಿಯ ಅಕ್ಕಿ! ಹಗ್ಗದ ತುಂಡನ್ನು ಅವರ ಮುಖದ ಮುಂದೆ ಹಿಡಿದೆ.

"ಇದು ಎಂತ?"

"ಹುಲ್ಲು" ಎಂದರು.

"ಹುಲ್ಲು ಅಂತ ದನಕ್ಕೂ ಗೊತ್ತು. ಡಿಕ್ಕಿಗೆ ಹೇಗೆ ಬಂತು?"

ಅವರು ಕೈಯ ಗ್ರೀಸು ಒರೆಸುತ್ತ ನಿಂತರು. ನಾನು ಒಳಗೆ ಹೋಗಿ, ಒಲೆ ಆರಿಸಿ, ಮಕ್ಕಳನ್ನು ಪಕ್ಕದ ಬಾಯಮ್ಮನಲ್ಲಿ ಬಿಟ್ಟು, ಸೀರೆ ಬದಲಿಸಿ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕುಳಿತೆ. ಇವತ್ತು ಕುಕ್ಕುಂದೂರಿಗೆ ನಾನೂ ಬರುತ್ತೇನೆ ಎಂದೆ. "ಇನ್ನೊಂದು ದಿನ ಹೋಗುವ" ಎಂದರು. "ಇವತ್ತೇ" ಎಂದೆ.

ಮಣಿಪಾಲದ ಏರಿನಲ್ಲಿ ಅವರು ಏನೋ ಹೇಳಲು ಹೊರಟು ಗಂಟಲು ಸರಿಮಾಡಿಕೊಂಡರು, ಹಿರಿಯಡ್ಕ ದಾಟುವಾಗ ಮತ್ತೊಮ್ಮೆ. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ. ನಾದಿನಿಯಲ್ಲಿ ಕೇಳಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಹರಿತ ಮಾಡಿಟ್ಟುಕೊಂಡಿದ್ದೆ. ನನ್ನ ಮಕ್ಕಳ ಬಾಯಿಯದನ್ನು ತೆಗೆದು ತಿನ್ನಲು ನಿಮಗೆ ನಾಚಿಕೆಯಾಗುವುದಿಲ್ಲವೇ ಎನ್ನುವುದು ಅವುಗಳಲ್ಲಿ ತೀರ ಮೆತ್ತಗಿನದು.

ಕಾರು ಅಂಗಳಕ್ಕೆ ನುಗ್ಗಿದಾಗ ನಾದಿನಿ ಹೊರಗೆ ಬಂದರು. ನಾನು ಕಾಣದ ವರ್ಷಗಳಲ್ಲಿ ಕೂದಲು ಅರ್ಧ ಬಿಳಿಯಾಗಿತ್ತು. ನನ್ನನ್ನು ನೋಡಿ ಮೊದಲು ಕಣ್ಣು ಕಿರಿದು ಮಾಡಿದರು. ಆಮೇಲೆ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಅಂತೂ ಬಂದೆಯಲ್ಲ ಮಾರಾಯ್ತಿ! ಬಾ, ಬಾ."

ನಾನು ಬಾಯಿ ತೆರೆಯುವ ಮೊದಲೇ ಅವರು ಒಳಗೆ ತಿರುಗಿ, "ಮುಡಿ ತನ್ನಿ!" ಎಂದು ಕೂಗಿದರು. ಕೆಲಸದ ಹೆಂಗಸರಿಬ್ಬರು ಒಂದು ಮುಡಿಯನ್ನು ಹಿಡಿದುಕೊಂಡು ಹೊರಗೆ ಬಂದರು. ಒಳಗಿನಿಂದ ಹೊರಗೆ. ಗಂಡ ಹೋಗಿ ಡಿಕ್ಕಿಯ ಕೀಲಿ ತಿರುಗಿಸಿದರು. ಬಾಗಿಲು ತಾನಾಗಿ ಎದ್ದು ನಿಂತಿತು.

"ಅಬ್ಬ, ಸ್ಪ್ರಿಂಗು ಹಾಕಿಸಿದ್ದಾ? ಹೋದ ಸಲ ಮುಡಿ ಇಡುವಾಗ ನನ್ನ ಬೆನ್ನಿಗೇ ಬಿದ್ದಿತ್ತು" ಎಂದರು ನಾದಿನಿ. ಮತ್ತೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದರು: "ನೋಡು, ಒಕ್ಕಲಿನ ದಿನ ನೀನು ಮುಡಿ ಹಿಂದೆ ಕಳಿಸಿದ್ದು ನಾನು ಮರೆತಿಲ್ಲ. ನಾನು ತಮಾಷೆಗೆ ಹೇಳಿದ್ದು, ನಿನಗೆ ತಾಗಿತು. ಎಷ್ಟು ಅತ್ತಿದ್ದೇನೆ ಗೊತ್ತುಂಟಾ? ಆದರೆ ನಿನ್ನ ಗಂಡನ ವ್ಯಾಪಾರ ಬಿದ್ದಾಗ 'ಅಕ್ಕನಲ್ಲಿ ಅಕ್ಕಿ ಕೇಳಿ, ಅವರು ಇಲ್ಲ ಅನ್ನುವವರಲ್ಲ' ಅಂತ ನೀನೇ ಹೇಳಿ ಕಳಿಸಿದೆಯಲ್ಲ, ಆ ಒಂದು ಮಾತಿಗೆ ನನ್ನ ಸಿಟ್ಟೆಲ್ಲ ಇಳಿದು ಹೋಯ್ತು."

ನಾನು ಗಂಡನ ಕಡೆ ನೋಡಿದೆ. ಅವರು ಡಿಕ್ಕಿಯೊಳಗೆ ತಲೆ ಹಾಕಿ, ಸರಿಯಾಗಿಯೇ ಕುಳಿತಿದ್ದ ಮುಡಿಯನ್ನು ಮತ್ತೆ ಮತ್ತೆ ಸರಿಪಡಿಸುತ್ತಿದ್ದರು. ಆ ಬೆನ್ನು ನೋಡಿದಾಗ ನನಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಕಲ್ಲಿಲ್ಲದ ಅಕ್ಕಿ, ಗೋಣಿ, ಹಿಡಿಸೂಡಿ, ದುಡ್ಡಿಲ್ಲದೆ ಗ್ಯಾರೇಜಿಗೆ ಕೊಡದ ಕಾರು. ಊರೆಲ್ಲ ಟೆರೇಸು ಏರುವಾಗ ಹಂಚು ಯಾರಿಗೆ ಬೇಕು? ನನ್ನ ಸಂಶಯ ನಿಜವೇ ಆಗಿತ್ತು, ಇವರು ನನ್ನಿಂದ ಮುಚ್ಚಿಡುತ್ತಿದ್ದರು. ಆದರೆ ಅಕ್ಕಿ ಹರಿದು ಬಂದದ್ದು ನನ್ನ ಮನೆಯ ಕಡೆಗೆ. ನಾನು ಯಾರ ಮುಡಿಯನ್ನು ಅಂಗಳದಿಂದ ಆಚೆ ಹಾಕಿದೆನೋ, ಅವರ ಗದ್ದೆಯ ಅನ್ನವನ್ನೇ ಉಂಡು ಅವರನ್ನೇ ಬೈಯುತ್ತಿದ್ದೆ.

"ಅನ್ನ ಹೇಗಾಗ್ತದೆ? ಮಕ್ಕಳಿಗೆ ಹಿಡಿಸ್ತದಾ?" ಎಂದು ನಾದಿನಿ ಕೇಳಿದರು.

ನಾನು ಹಾಗೆ ಹೇಳಿ ಕಳುಹಿಸಿಯೇ ಇಲ್ಲ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಸಿಟ್ಟು ನಾಲಿಗೆಯ ತುದಿಯವರೆಗೆ ಬಂದಿತ್ತು. ನನ್ನ ಕೈ ಇನ್ನೂ ಅವರ ಕೈಯೊಳಗೇ ಇತ್ತು. "ಚೆನ್ನಾಗಿ ಆಗ್ತದೆ ಅಕ್ಕ" ಎಂದೆ. ಗಂಡ ಡಿಕ್ಕಿಯಿಂದ ತಲೆ ಹೊರಗೆ ತೆಗೆದರು.

ನಾದಿನಿ ಊಟ ಮಾಡಿಸದೆ ಬಿಡಲಿಲ್ಲ. ತಿರುಗಿ ಬರುವಾಗ, ಬೈಲೂರಿನಿಂದ ಈಚೆಗೆ, ಜನ ಓಡಾಟವಿಲ್ಲದ ಒಂದು ಗುಡ್ಡೆಯ ಬದಿಯಲ್ಲಿ ಕಾರು ತಾನಾಗಿ ಎಂಬಂತೆ ನಿಧಾನವಾಯಿತು. ಗಂಡನ ಕೈ ಸೀಟಿನ ಅಡಿಯಲ್ಲಿ ಮಡಚಿಟ್ಟ ಖಾಲಿ ಗೋಣಿಯ ಕಡೆ ಹೋಗಿದ್ದನ್ನು ನಾನು ಕಂಡೆ. ಮುಡಿ ಬಿಚ್ಚಿ ಗೋಣಿಗೆ ಸುರಿದು, ಹುಲ್ಲನ್ನು ಪೊದೆಗೆ ಎಸೆಯುವ ಜಾಗ ಅದು. ಒಬ್ಬರೇ, ಬಿಸಿಲಿನಲ್ಲಿ, ಯಾರಾದರೂ ನೋಡಿಯಾರೆಂದು ಹೆದರುತ್ತ.

"ನಿಲ್ಲಿಸಬೇಡಿ" ಎಂದೆ. "ಮುಡಿ ಮುಡಿಯಾಗಿಯೇ ಬರಲಿ."

ಕಾರು ಮುಂದೆ ಹೋಯಿತು. ಸ್ವಲ್ಪ ದೂರ ಹೋದ ಮೇಲೆ, ಏಜೆನ್ಸಿ ಮುಚ್ಚಿ ವರ್ಷವಾಗುತ್ತಾ ಬಂತೆಂದು, ದಿನಾ ಉಡುಪಿಗೆ ಹೋಗುವುದು ಕೆಲಸ ಹುಡುಕಲಿಕ್ಕೆಂದು ಹೇಳಿದರು. "ನಿನ್ನಲ್ಲಿ ಹೇಳಿದರೆ ನೀನು ಆ ಅಕ್ಕಿ ಮುಟ್ಟುತ್ತಿರಲಿಲ್ಲ. ಮಕ್ಕಳು ಎಂತ ಉಣ್ಣುವುದು?" ಎಂದರು. ನಿಜ, ನಾನು ಮುಟ್ಟುತ್ತಿರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ. ಮೋಸ ಹೋದದ್ದು ನಾನು. ನನ್ನ ಹಠವನ್ನು ನನ್ನ ಎದುರು ಕಾಪಾಡಿ, ನನ್ನ ಬೆನ್ನ ಹಿಂದೆ ನನ್ನ ಬಾಯಿಂದಲೇ ಬೇಡಿಸಿದ್ದರು ಈ ಮನುಷ್ಯ.

"ಇನ್ನು ನನ್ನ ಹೆಸರಲ್ಲಿ ನೀವು ಕೇಳುವುದು ಬೇಡ" ಎಂದೆ. ನಾನು ಅಕ್ಕಿ ಬೇಡವೆನ್ನುತ್ತಿದ್ದೇನೆ ಎಂದು ಅವರು ತಿಳಿದುಕೊಂಡಿರಬೇಕು.

ಆ ಮುಡಿ ತೀರಿದ ಭಾನುವಾರ ನಾವು ಮತ್ತೆ ಕುಕ್ಕುಂದೂರಿಗೆ ಹೋದೆವು, ಈ ಸಲ ಮಕ್ಕಳನ್ನೂ ಕರೆದುಕೊಂಡು. ಅಂಗಳದಲ್ಲಿ ಗಂಡ ಬಾಯಿ ತೆರೆಯುವ ಮೊದಲೇ ನಾನು ಮುಂದೆ ಹೋದೆ. ಹೇಳಬೇಕಾದ ಮಾತು ಚಿಕ್ಕದು, ಆದರೂ ಅಂಗಳದ ನೆಲ ನೋಡಿಕೊಂಡೇ ಹೇಳಿದೆ.

"ಅಕ್ಕ, ಮನೆಯಲ್ಲಿ ಅಕ್ಕಿ ಮುಗಿದಿದೆ. ಒಂದು ಮುಡಿ ಕೊಡ್ತೀರಾ?"

ನಾದಿನಿ ನನ್ನನ್ನೇ ನೋಡಿದರು, ತಮ್ಮನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಹಿಂದೆ ಕೇಳಿದ ಮಾತೆಲ್ಲ ತಮ್ಮನದೇ, ನಾನು ಕೇಳುತ್ತಿರುವುದು ಇದೇ ಮೊದಲ ಸಲವೆಂದು ಅವರಿಗೆ ಆಗ ತಿಳಿದುಹೋಯಿತು. ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಕೆಲಸದವರನ್ನು ಯಾರನ್ನೂ ಕರೆಯದೆ, ತಾವೇ ಮುಡಿಯ ಒಂದು ಬದಿ ಹಿಡಿದು, ಇನ್ನೊಂದು ಬದಿ ಹಿಡಿಯಲು ನನಗೆ ಕಣ್ಣಿನಲ್ಲೇ ಹೇಳಿದರು.